ಕೆಂಪು ಅಂದುಕೊಂಡ ಚೆಂಡು

ಪ್ರೀತಿಯ ಅಕ್ಕ,

ಅಕ್ಷರ ನಮ್ಮ ಕೋಚ್ ಅವರದು, ಮಾತು ನನ್ನದು. ಫೋನಿನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆ.

ವಿಶ್ವ ಹವ್ಯಾಸಿ ಸ್ನೂಕರ್ ಸೆಮಿಫೈನಲ್‌ನಲ್ಲಿ ಸೋತೆ. ಗೆಲ್ಲುವ ಆಟವೇ ಆಗಿತ್ತು. ಕೊನೆಯ ಫ್ರೇಮಿನಲ್ಲಿ ಕೆಂಪು ಚೆಂಡು ಅಂದುಕೊಂಡು ಕಂದು ಚೆಂಡಿಗೆ ಹೊಡೆದೆ. ಜನ ನಕ್ಕರು. ಮತ್ತೆ ಹಾಗೇ ಹೊಡೆದಾಗ ಯಾರೂ ನಗಲಿಲ್ಲ. ಎದುರಾಳಿ ಹುಡುಗಿ ಹತ್ತಿರ ಬಂದು, "ನಿಂಗೆ ಕಣ್ಣು ಕಾಣಿಸ್ತಿಲ್ವಾ?" ಅಂತ ಮೆಲ್ಲಗೆ ಕೇಳಿದಳು.

"ಎಲ್ಲಾ ಮಂಜು ಮಂಜು" ಅಂದೆ. ಅವಳೇ ಕೈಹಿಡಿದು ಕುರ್ಚಿಯವರೆಗೆ ಕರೆದುಕೊಂಡು ಹೋದಳು.

ಕಣ್ಣಿನ ನರ ಒಣಗುತ್ತಿದೆಯಂತೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ ಅಂದರು ಡಾಕ್ಟರು.

ಅಮ್ಮನಿಗೆ ಸದ್ಯಕ್ಕೆ ಸೋತೆ ಅಂತಷ್ಟೇ ಹೇಳು. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ, ಸ್ಟೇಷನ್ನಿಗೆ ನೀನೊಬ್ಬಳೇ ಬಾ. ದೂರದಿಂದ ಕೈ ಬೀಸಬೇಡ, ಹೆಸರು ಹಿಡಿದು ಜೋರಾಗಿ ಕೂಗು.

ನಿನ್ನ ತಂಗಿ