ಅಮ್ಮನ ಕೆನ್ನೆಯ ಕವಳ

ಭದ್ರಾವತಿ
೧೪-೯-೧೯೪೧, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಜಯಪ್ಪನ ನಮಸ್ಕಾರ. ನೀನೂ ಅತ್ತಿಗೆಯೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ. ಎಂಟು ತಿಂಗಳಿಂದ ನಿನ್ನ ಒಂದು ಕಾರ್ಡೂ ಇಲ್ಲ. ಪುಣೆಯ ಮಳೆಗೆ ಮೊಣಕಾಲು ನೋವು ಹೆಚ್ಚಿತೇ? ಎಳ್ಳೆಣ್ಣೆ ಬಿಸಿಮಾಡಿ ಹಚ್ಚಿಕೊಳ್ಳಬೇಕೆಂದು ಅಮ್ಮ ಬರೆಸಿದ್ದಾಳೆ. ಸಿಟ್ಟಿದ್ದರೂ ಹಚ್ಚಿಕೋ, ಎಣ್ಣೆಗೆ ನಮ್ಮ ಮನೆಯ ಜಗಳ ಗೊತ್ತಿಲ್ಲ. ನನ್ನ ಹೆಂಡತಿ ಸೀತಾಲಕ್ಷ್ಮಿ ಚೆನ್ನಾಗಿದ್ದಾಳೆ. ಕಬ್ಬಿಣದ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಗುಮಾಸ್ತಿಕೆ ತುಕ್ಕು ಹಿಡಿಯದೆ ನಡೆದಿದೆ. ನಿನ್ನೆ ಅಮ್ಮನ ಜೊತೆ ಎರಡನೆಯ ಸಲ ಶಿವಮೊಗ್ಗದ ಡಾಕ್ಟರಲ್ಲಿಗೆ ಹೋಗಿ ಬಂದೆ, ಬರೆಯಬೇಕಾದದ್ದು ಅದನ್ನೇ.

ಅಪ್ಪನ ತಿಥಿಯ ದಿನ ನೀನು ಮುಖ ತಿರುಗಿಸಿಕೊಂಡು ಹೋದೆ. ಈಗ ಅಮ್ಮನ ಮುಖವೇ ತಿರುಗಿದೆ. ಇದು ನನ್ನ ಎಂದಿನ ಶ್ಲೇಷೆಯಲ್ಲ ಅಣ್ಣಾ, ನಿಜವಾಗಿ ತಿರುಗಿದೆ. ಕಳೆದ ತಿಂಗಳು ಒಂದು ಬೆಳಗ್ಗೆ ಅಮ್ಮ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಳಂತೆ. ಎಷ್ಟು ಊದಿದರೂ ಬೆಂಕಿ ಹತ್ತಲಿಲ್ಲ. ಗಾಳಿಯೆಲ್ಲ ಬಾಯಿಯ ಬಲಮೂಲೆಯಿಂದ ಸೋರಿಹೋಗುತ್ತಿತ್ತು. ಸೀತಾಲಕ್ಷ್ಮಿ ಬಗ್ಗಿ ನೋಡಿದರೆ ಬಲಗಡೆಯ ತುಟಿ ಜೋತುಬಿದ್ದಿದೆ, ಬಲಗಣ್ಣು ಮುಚ್ಚುತ್ತಿಲ್ಲ. ಅಷ್ಟರಲ್ಲಿ ಒಂದು ಕೆಂಡ ಉರುಳಿ ಅಮ್ಮನ ಪಾದದ ಮೇಲೆ ಬಿತ್ತು. ಇವಳು ಕಿರುಚಿದಳು. ಅಮ್ಮ ಮಾತ್ರ, "ಯಾಕೆ ಹೀಗೆ ಕಿರುಚ್ತೀಯೆ ಮಾರಾಯ್ತಿ?" ಅಂದಳಂತೆ. ಕೆಂಡ ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮಾರನೆಯ ದಿನ ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮದರಾಸಿನಲ್ಲಿ ಓದಿ ಬಂದ ಚೌಡಯ್ಯ ಎಂಬ ಡಾಕ್ಟರಿದ್ದಾರೆ. ಕಡಿಮೆ ಮಾತು, ದಪ್ಪ ಕನ್ನಡಕ. ಅಮ್ಮನ ಕೆನ್ನೆ ನೋಡಿದವರೇ, "ಮೊದಲು ಕವಳ ಉಗುಳಿ ಬನ್ನಿ ಅಮ್ಮಾ, ಆಮೇಲೆ ಮಾತಾಡೋಣ" ಅಂದರು. ನಿನಗೆ ಗೊತ್ತಲ್ಲ, ನಮ್ಮ ಸೀಮೆಯಲ್ಲಿ ಎಲೆಅಡಿಕೆಯ ಕವಳದಿಂದ ಉಬ್ಬಿದ ಕೆನ್ನೆಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಅಡಿಕೆ ಬೆಳೆಯುವ ಊರಿನಲ್ಲಿ ಚಪ್ಪಟೆ ಕೆನ್ನೆಯವನೇ ರೋಗಿ. ಅಮ್ಮ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಡಾಕ್ಟರ ಮುಂದೆ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ ಅಣ್ಣಾ. ಎಡಗಡೆ ಇಲ್ಲ, ಬಲಗಡೆ ಇಲ್ಲ. ಎರಡೂ ಕೆನ್ನೆ ಮಾತ್ರ ಹಾಗೆಯೇ ಉಬ್ಬಿದ್ದವು. ಡಾಕ್ಟರು ಎದ್ದುನಿಂತು ಕಿವಿಯ ಕೆಳಗೆ ಒತ್ತಿ ನೋಡಿದರು. ನನ್ನ ಕಡೆ ತಿರುಗಿ, "ಎಷ್ಟು ದಿನದಿಂದ ಇದೆ ರೀ ಇದು?" ಎಂದರು. ಅಮ್ಮನೇ ಹೇಳಿದಳು, "ಹತ್ತು ತಿಂಗಳಾಯ್ತು."

ತಿಥಿಗೆ ಮುಂಚಿನಿಂದಲೇ ಅಂತಾಯಿತಲ್ಲ! ನೀನು ಬಂದ ದಿನವೂ ಆ ಬಾಯಲ್ಲಿ ಏನೂ ಇರಲಿಲ್ಲ. ಅಪ್ಪ ಹೋದ ದಿನವೇ ಅವಳು ಎಲೆಅಡಿಕೆ ತಟ್ಟೆಯನ್ನು ಅಟ್ಟಕ್ಕೆ ಹಾಕಿದ್ದು, ವಿಧವೆಗೆ ತಾಂಬೂಲವಿಲ್ಲವೆಂದು ತಾನೇ ಬಿಟ್ಟದ್ದು, ಇಬ್ಬರೂ ಕಂಡವರು. ಆದರೂ ನೀನು ಪಂಚಾಂಗ ಹುಡುಕುತ್ತ ಅವಳ ದಿಂಬು ಎತ್ತಿದಾಗ ಬಾಳೆನಾರಿನಲ್ಲಿ ಕಟ್ಟಿದ ಎಲೆಅಡಿಕೆ ಪೊಟ್ಟಣ ಉರುಳಿ ಬಿತ್ತು. ನೀನು ಅವಳ ಕೆನ್ನೆ ನೋಡಿದೆ, ಪೊಟ್ಟಣ ನೋಡಿದೆ. "ಅಪ್ಪನ ತಿಥಿ ದಿನಾನೂ ಬಾಯಲ್ಲಿ ಕವಳವೇನಮ್ಮಾ?" ಅಂದುಬಿಟ್ಟೆ. ಅವಳು ಬಾಯಿ ತೆರೆಯಲಿಲ್ಲ. ಆಮೇಲೆ ಊಟಕ್ಕೆ ಕೂತ ನೀನು ಅರ್ಧಕ್ಕೇ ಎದ್ದು ಹೊರಟುಬಿಟ್ಟೆ. ಅಂದು ಯಾಕೆ ಬಾಯಿ ತೆರೆದು ತೋರಿಸಲಿಲ್ಲವೆಂದು ನಿನ್ನೆ ರೈಲಿನಲ್ಲಿ ನಾನು ಅಮ್ಮನನ್ನು ಕೇಳಿದೆ. ಕಿಟಕಿಯಾಚೆ ನೋಡುತ್ತ ಅಂದಳು: "ಹೆತ್ತ ಮಗನಿಗೆ ಬಾಯಿ ತೆಗೆದು ಸಾಕ್ಷಿ ತೋರಿಸ್ಬೇಕೇನೋ? ಡಾಕ್ಟ್ರಾದ್ರೆ ಹೊರಗಿನೋರು."

ರೋಗದ ವಿಷಯಕ್ಕೆ ಬರುತ್ತೇನೆ. ಮೊದಲನೆಯ ಸಲ ಡಾಕ್ಟರು ಹತ್ತಿಯಿಂದ ಸವರಿ, ಸೂಜಿಯಿಂದ ಚುಚ್ಚಿ ಪಾದ ಪರೀಕ್ಷಿಸಿದರು. ಮೊಳಕೈ ಹತ್ತಿರ ಹೆಸರುಕಾಳಿನಷ್ಟು ಕೆಂಪು ಗಂಟುಗಳಿದ್ದವು. ನನ್ನನ್ನು ಹೊರಗೆ ಕರೆದು, ಕ್ಷಯವಿರಬಹುದು, ಇಲ್ಲವೇ ಕುಷ್ಠ, ಎರಡೂ ಅಲ್ಲದೆಯೂ ಇರಬಹುದು ಎಂದು ಮೆಲ್ಲಗೆ ಹೇಳಿದರು. ಒಂದು ಗಂಟು ಕತ್ತರಿಸಿ ಸೀಸೆಯಲ್ಲಿ ಹಾಕಿ ಬೆಂಗಳೂರಿಗೆ ಕಳಿಸಿದರು. ಅಮ್ಮನಿಗೆ ನಾನು ಒಂದಕ್ಷರ ಹೇಳಲಿಲ್ಲ. ಮನೆಗೆ ಬಂದವಳು ತಾನಾಗಿಯೇ ತನ್ನ ಲೋಟ, ತಟ್ಟೆ, ಚಾಪೆ ಎತ್ತಿಕೊಂಡು ಹಿತ್ತಿಲ ಜಗಲಿಗೆ ಹೋದಳು. ಮೂರು ವಾರ ಅಲ್ಲೇ ಇದ್ದಳು. ನಾನು ಹತ್ತಿರ ಹೋದರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ಒಂದು ಶ್ಲೇಷೆ ಕೇಳಿಲ್ಲ.

ನಿನ್ನೆ ಬೆಂಗಳೂರಿನ ಉತ್ತರ ಬಂದಿತ್ತು. ಗಂಟಿನಲ್ಲಿ ಕುಷ್ಠದ ಕ್ರಿಮಿಯಿಲ್ಲ, ಕ್ಷಯದ ಕ್ರಿಮಿಯೂ ಇಲ್ಲ. ಡಾಕ್ಟರು ಒಂದು ದೊಡ್ಡ ಗ್ರಂಥ ತೆರೆದು ಗ್ರಂಥಿಯ ವಿಚಾರ ಓದಿ ಹೇಳಿದರು. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿ ಊದುವುದು, ಕಣ್ಣು ಕೆಂಪಾಗಿ ಮಂಜಾಗುವುದು, ಸಂಜೆಯ ಹೊತ್ತು ಸಣ್ಣ ಜ್ವರ, ಮುಖದ ನರ ಸೋಲುವುದು, ಎಲ್ಲ ಒಂದೇ ರೋಗವಂತೆ. ಸಾರ್ಕಾಯ್ಡ್ ಎಂದು ಹೆಸರು. ನರಗಳನ್ನೂ ಹಿಡಿದಿದೆ, ಅದಕ್ಕೇ ಪಾದ ಮರಗಟ್ಟಿದೆ. ಯಾಕೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಅವರೇ ಇದನ್ನು ಪುಸ್ತಕದ ಹೊರಗೆ ಕಂಡದ್ದು ಇದೇ ಮೊದಲು. ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದಾಗ ಅಮ್ಮ ಸೆರಗು ಕೆಳಗಿಳಿಸಿ, "ಸಾರು, ಕಾಯಿ ತಿಂದು ಬರೋ ರೋಗವೇನೋ ಇದು?" ಎಂದು ಅರ್ಧ ಮುಖದಲ್ಲಿ ನಕ್ಕಳು. ನನ್ನ ಚಟ ಎಲ್ಲಿಂದ ಬಂತೆಂದು ಡಾಕ್ಟರಿಗೂ ತಿಳಿದಿರಬೇಕು. ಹೊರಡುವಾಗ ಅವರು ಒಂದು ಮಾತು ಕೇಳಿದರು: "ಅವರ ತುಟಿ ಯಾವತ್ತಾದರೂ ಕೆಂಪಾಗಿತ್ತೇನ್ರೀ?" ಹತ್ತು ತಿಂಗಳು ಕವಳ ಹಾಕಿದವಳ ತುಟಿ ಕೆಂಪಾಗಬೇಡವೇ! ಬಿ.ಎ. ಪಾಸಾದ ನನಗೆ ಅದು ಕಾಣಲಿಲ್ಲ. ರೋಗ ಅಮ್ಮನಿಗೆ, ಕುರುಡು ನಮ್ಮಿಬ್ಬರಿಗೆ.

ಇದಕ್ಕೆಂದೇ ಔಷಧವಿಲ್ಲ. ಮೀನೆಣ್ಣೆ ಕುಡಿಸಲು ಹೇಳಿದ್ದಾರೆ. ಅಮ್ಮ ಯಾವ ಮುಖ ಮಾಡಿದಳೆಂದು ನೀನೇ ಊಹಿಸಿಕೋ. ಕಣ್ಣಿಗೆ ಹನಿ ಕೊಟ್ಟಿದ್ದಾರೆ. ಮುಖದ ಸೊಟ್ಟ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋದೀತು, ಆದರೆ ಕಣ್ಣಿನ ಬಗ್ಗೆ ಮಾತು ಕೊಡಲಾರೆ ಎಂದರು. ಬಲಗಣ್ಣಿಗೆ ಈಗ ದೀಪ ಮಾತ್ರ ಕಾಣುತ್ತದೆ. ಎಡಗಣ್ಣೂ ಮಂಜಾಗುತ್ತಿದೆ.

ಅತ್ತಿಗೆಗೆ ನಮ್ಮ ನಮಸ್ಕಾರ ತಿಳಿಸು. ಅಮ್ಮ ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ಬಾ ಎಂದು ಬರೆಯಲು ಮಾತ್ರ ಅವಳು ಹೇಳಲಿಲ್ಲ. ಅದನ್ನು ನಾನೇ ಬರೆಯುತ್ತಿದ್ದೇನೆ.

ಇತಿ, ನಿನ್ನ ಮಾತುಗಾರ ತಮ್ಮ,
ಜಯಪ್ಪ

ವಿ.ಸೂ.: ಟಪಾಲಿನ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಆ ಪೊಟ್ಟಣ ದಿಂಬಿನ ಕೆಳಗೆ ಇಟ್ಟವನು ನಾನು. ಉಬ್ಬಿದ ಕೆನ್ನೆ ನೋಡಿ, ಪಾಪ, ಕದ್ದು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಉದಾರಿಯಾದ ಮಗನೆನಿಸಿಕೊಳ್ಳಲು ವಾರಕ್ಕೊಂದು ತಂದು, ಕಣ್ಣು ಮಿಟುಕಿಸಿ ಇಟ್ಟು ಹೋಗುತ್ತಿದ್ದೆ. ನೀನು ಕೂಗಾಡಿದಾಗ ಬಾಗಿಲಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಿಜವಾಗಿ ಬಾಯಿ ತುಂಬ ಕವಳವಿದ್ದದ್ದು ನನಗೆ. ಇವತ್ತು ಅವಳ ಚಾಪೆಯನ್ನು ಒಳಗೆ ತರುವಾಗ ಹಳೆಯ ಡಬ್ಬಿಯಲ್ಲಿ ನಾನಿಟ್ಟ ಪೊಟ್ಟಣಗಳೆಲ್ಲ ಸಿಕ್ಕವು. ಎಲ್ಲ ಒಣಗಿವೆ, ಒಂದರ ನಾರೂ ಬಿಚ್ಚಿಲ್ಲ. ಅವತ್ತೇ ನನ್ನ ಹೆಸರು ಯಾಕೆ ಹೇಳಲಿಲ್ಲ ಅಂದೆ. "ಒಬ್ಬ ಎದ್ದು ಹೋಗ್ತಿದ್ದ, ಇನ್ನೊಬ್ಬನ್ನೂ ಕಳಿಸ್ಬೇಕಿತ್ತೇನೋ?" ಅಂದಳು. ಸಿಟ್ಟು ನನ್ನ ಮೇಲಿರಲಿ ಅಣ್ಣಾ. ಆ ಎಡಗಣ್ಣಿಗೆ ನೀನು ಕಾಣಿಸುವಾಗಲೇ ಬಾ.