ಎರಡು ಸಲ ಕೇಳಿದ ಟೋಕನ್

ಅಂಗಮ್ಮಜ್ಜಿಗೆ, ಮಹಡಿ ಮನೆಯ ಭೂಮಿ ಮಾಡುವ ನಮಸ್ಕಾರಗಳು.

ಎದುರಿಗೆ ಬಂದರೆ ನೀವು ಬಾಗಿಲು ಮುಂದೆ ಮಾಡಿಕೊಳ್ಳುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ನನಗೆ ತಮಿಳು ಬರೆಯಲು ಬಾರದು. ನನ್ನ ರೂಮಿನ ದ್ರಾಕ್ಷಾಯಣಿ ಓದಿ ಹೇಳುತ್ತಾಳೆ. ಅವಳ ಮೇಲೆ ನಿಮಗೆ ಸಿಟ್ಟಿಲ್ಲವಲ್ಲ.

ಅಜ್ಜಿ, ಆ ಕಣ್ಣಾಸ್ಪತ್ರೆಯ ಆ್ಯಪ್ ಮಾಡಿದ್ದು ನಮ್ಮ ಆಫೀಸೇ, ನನ್ನ ಮೇಲೆ ನಿಮ್ಮ ಸಿಟ್ಟು ನ್ಯಾಯವೇ. ಒಮ್ಮೆ ಒತ್ತಿದರೆ ಟೋಕನ್ ಸಿಗುತ್ತದೆ, ಇನ್ನೊಮ್ಮೆ ಒತ್ತಿದರೆ ರದ್ದಾಗುತ್ತದೆ. ಎರಡನ್ನೂ ತಿಳಿಸಲು ಪರದೆಯ ಕೆಳಗೆ ಒಂದು ಸಾಲು ಮೂಡಿ, ಎರಡು ಸೆಕೆಂಡಿಗೆ ಮಾಯವಾಗುತ್ತದೆ. ನಿಮ್ಮದೋ, ಊಟಕ್ಕೂ ಎರಡು ಸಲ ಕರೆಯುವ ಮನೆ. ಒಂದೇ ಸಲ ಕರೆದರೆ ಮನಸ್ಸಿಲ್ಲದೆ ಕರೆದ ಹಾಗೆ ಎಂದು ನನಗೇ ಹೇಳಿದ್ದಿರಿ. ಟೋಕನ್ನನ್ನೂ ಹಾಗೇ ಎರಡು ಸಲ ಕೇಳಿದಿರಿ. ನಮ್ಮ ಅನ್ನೂರಿನಿಂದ ಆಸ್ಪತ್ರೆಯವರೆಗೂ ಟೌನ್ ಬಸ್ಸಿನಲ್ಲಿ ನಿಂತುಕೊಂಡು ಹೋದವರನ್ನು, ಹೆಸರೇ ಇಲ್ಲ ಎಂದು ವಾಪಸ್ ಕಳಿಸಿದರು.

"ಏನೋ ಬರೆದಿತ್ತು ಕಣ್ಣು, ಕಣ್ಣಾಡಿ ಹಾಕೋದ್ರೊಳಗೆ ಓಡೋಯ್ತು" ಅಂದಿರಿ. ಸಿಟ್ಟಿನಲ್ಲೂ ನನ್ನನ್ನು ಕಣ್ಣು ಅಂತಲೇ ಕರೆದಿರಿ. ಆಮೇಲೆ, "ಬೇಡ ಬಿಡು, ಇರೋ ಬೆಳಕೇ ಸಾಕು ನನಗೆ" ಅಂದಿರಿ. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಎಡಗಣ್ಣಂತೂ ಹೋಗಿದೆ, ಬಲಗಣ್ಣಿನ ಪೊರೆಯನ್ನಾದರೂ ಈ ತಿಂಗಳೇ ತೆಗೆಸಬೇಕು ಎಂದು ಡಾಕ್ಟರು ಹೇಳಿದ್ದು ನಿಮಗೂ ಗೊತ್ತು.

ಆಫೀಸಿನಲ್ಲಿ ನನ್ನ ಮೇಲಿನವರಾದ ಪ್ರೇಮ್ ಕುಮಾರ್ ಸಾರ್ ಹತ್ತಿರ ದಿನಾ ಇದೇ ಜಗಳ. ಓದಿ, ಸರಿ ಎಂದು ಒತ್ತುವವರೆಗೂ ಆ ಸಾಲು ನಿಲ್ಲಲಿ ಎನ್ನುತ್ತೇನೆ. ನಿಂತರೆ ಜನಕ್ಕೆ ಕಿರಿಕಿರಿ ಎನ್ನುತ್ತಾರೆ. ಯಾವ ಜನ ಎಂದು ಕೇಳಿದರೆ ಕಾಫಿಗೆ ಎದ್ದು ಹೋಗುತ್ತಾರೆ. ಹೇಳಿ ಹೇಳಿ ಸಾಕಾಗಿದೆ ಅಜ್ಜಿ. ಇಡೀ ದಿನ ಆ್ಯಪ್‌ಗಳಿಗಾಗಿ, ಯಾರೂ ಓದಿ ಮುಗಿಸದ ಮಾತುಗಳನ್ನು ಬರೆದು ಬರುವವಳು ನಾನು. ಮೆಟ್ಟಿಲ ಬುಡದಲ್ಲಿ "ಉಂಡ್ಯಾ ಕಣ್ಣು?" ಎಂದು ಕೇಳುತ್ತಿದ್ದ ನೀವೂ ಮಾತು ಬಿಟ್ಟರೆ ಈ ಊರಿನಲ್ಲಿ ನನಗೆ ಯಾರಿದ್ದಾರೆ ಹೇಳಿ.

ಜಗಳದಲ್ಲಿ ನಾನು ಗೆದ್ದಿಲ್ಲ. ಇನ್ನು ಗೆಲ್ಲುವ ಶಕ್ತಿಯೂ ಇಲ್ಲ. ಇವತ್ತು ರಜೆ ಹಾಕಿ ಆಸ್ಪತ್ರೆಯ ಕ್ಯೂನಲ್ಲಿ ನಿಂತು ನಿಮ್ಮ ಹೆಸರಿನ ಟೋಕನ್ ತಂದಿದ್ದೇನೆ. ಕಾಗದದ್ದು, ಮೊಹರು ಹಾಕಿದ್ದು. ಗುರುವಾರ ಬೆಳಿಗ್ಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಯಿರಿ, ಆದರೆ ಬನ್ನಿ. ಟೋಕನ್ ಈ ಪತ್ರದೊಳಗೇ ಇದೆ. ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಬೇಕಾದರೂ ನೋಡಿ ಅಜ್ಜಿ, ಅದು ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ಕಣ್ಣು ತಣ್ಣಗಿರಲಿ.

ಮಹಡಿಯ ಮೇಲೆ ಕಾದಿರುವ,
ಭೂಮಿ