ಮೂವತ್ತೊಂದನೆಯ ಪುಟ

ಮೆಕ್ನೆಸ್,
ಮಂಗಳವಾರ ಬೆಳಿಗ್ಗೆ

ತಯ್ಯಿಬ್,

ಸಲಾಮ್. ಮೂರು ವರ್ಷದಿಂದ ಬೇರೆ ಊರಲ್ಲಿರುವ ಗಂಡನಿಗೆ ಇದಕ್ಕಿಂತ ಹೆಚ್ಚಿನ ಒಕ್ಕಣೆ ಹೊಳೆಯುತ್ತಿಲ್ಲ. ರಬಾತಿನಲ್ಲಿ ಹೇಗಿದ್ದೀಯೆಂದು ಇಷ್ಟು ದಿನ ಟಿ.ವಿ. ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಶನಿವಾರ ಇಲ್ಲಿಗೆ ಬಂದಾಗ ಕಣ್ಣಾರೆ ನೋಡಿದೆ, ಸ್ವಲ್ಪ ಇಳಿದುಹೋಗಿದ್ದೀಯ.

ದೇಶದ ಬಜೆಟ್ ಕೊರತೆಯನ್ನು ಎರಡೇ ವರ್ಷದಲ್ಲಿ ಅರ್ಧಕ್ಕಿಳಿಸುವ ನಿಮ್ಮ ಪಕ್ಷದ ಯೋಜನೆಯನ್ನು ಕಳಿಸಿ, ಇಪ್ಪತ್ತೆರಡು ವರ್ಷ ಖಜಾನೆಯಲ್ಲಿ ಕೆಲಸ ಮಾಡಿದವಳು ನೀನು, ಒಮ್ಮೆ ಓದಿ ನೋಡು ಎಂದು ಬರೆದಿದ್ದೆಯಲ್ಲ. ಈ ಸರ್ಕಾರ ಹೋಗಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ. ವಿರೋಧ ಪಕ್ಷದ ಬೆಂಚಿನಲ್ಲಿ ಕೂತು ಕೂತು ನೀವೂ ಬೇಸತ್ತಿದ್ದೀರಿ. ಆದರೆ ತೆರಿಗೆಗಳ್ಳರಿಂದ ಇಷ್ಟು ವಸೂಲಿ ಮಾಡುತ್ತೇವೆ ಎಂದಿದ್ದೀರಲ್ಲ, ನಮ್ಮ ಕಚೇರಿಯವರು ಮೂರು ವರ್ಷ ಬೆನ್ನುಹತ್ತಿದರೂ ಅದರ ಹತ್ತರಲ್ಲೊಂದು ಪಾಲು ಕೈಗೆ ಬರಲಿಲ್ಲ. ಎರಡು ವರ್ಷವೂ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂದು ಹಿಡಿದುಕೊಂಡಿದ್ದೀರಿ. ಮೊರಾಕ್ಕೋದಲ್ಲಿ ಮಳೆಯನ್ನು ಯಾವ ಪಕ್ಷ ತಂದುಕೊಡುತ್ತದೆ? ಇವೆರಡೂ ಕೈಕೊಟ್ಟರೆ ಉಳಿಯುವುದು ಒಂದೇ ದಾರಿ, ಮೂವತ್ತೊಂದನೆಯ ಪುಟದ "ನೆರವಿನ ಮರುಹೊಂದಾಣಿಕೆ". ಗ್ಯಾಸ್ ಸಿಲಿಂಡರಿನ ಸಬ್ಸಿಡಿ ತೆಗೆಯುತ್ತೇವೆ ಎಂದು ನೇರವಾಗಿ ಬರೆಯಲು ಕೈ ಬರಲಿಲ್ಲವೇ?

ಶನಿವಾರ ಸಂಜೆಯ ಚುನಾವಣಾ ಸಭೆ ನೆನಪಿಸಿಕೋ. ನಮ್ಮ ಬೀದಿಯ ಮೂಲೆಯಲ್ಲಿ ಮಸೆಮ್ಮನ್ ರೊಟ್ಟಿ ಮಾಡಿ ಮಾರುವ ಯಾಮ್ನಾ ಎದ್ದು ನಿಂತಳು. "ತಯ್ಯಿಬ್ ಸಾಹೇಬ್ರೇ, ಕೊರತೆ ಗಿರತೆ ನಂಗೆ ತಿಳಿಯಲ್ಲ. ಗ್ಯಾಸಿನ ರೇಟು ಏರಿಸ್ತೀರೋ ಇಲ್ವೋ, ಅಷ್ಟು ಹೇಳಿ ಸಾಕು" ಎಂದಳು. ನೀನು ನಕ್ಕು, "ಒಂದು ದಿರ್ಹಮ್ ಕೂಡ ಏರಲ್ಲಮ್ಮ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ, ಎಲ್ಲಾ ಓದಿದ್ದಾಳೆ" ಎಂದು ನನ್ನತ್ತ ಕೈ ತೋರಿಸಿದೆ. ಇಡೀ ಸಭೆ ತಿರುಗಿ ನೋಡಿತು. ನಾನು ತಲೆಯಾಡಿಸಿದೆ. ಆಗಿನ್ನೂ ನಾನು ಆ ಪುಟದವರೆಗೆ ಬಂದಿರಲಿಲ್ಲ. ಮರುದಿನ ಓದಿದೆ.

ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ವಾಪಸು ಬರುತ್ತೇನೆ. ಚಹಾದ ಪುದೀನ ಕಪ್ಪಾಗುವವರೆಗೆ ಕುದಿಸಿಟ್ಟೆ. ನಿನ್ನೆ ಬೆಳಿಗ್ಗೆ ತಡೆಯಲಾರದೆ ಯಾಮ್ನಾಳ ಬಳಿ ಹೋದೆ. ಅವಳು ರೊಟ್ಟಿಯ ಜೊತೆ ನಿಮ್ಮ ಪಕ್ಷದ ಕರಪತ್ರವನ್ನೂ ಹಂಚುತ್ತಿದ್ದಳು, ತಯ್ಯಿಬ್. ಆ ಪುಟದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

ಅವಳು ಒಲೆಯ ಉರಿ ತಗ್ಗಿಸಿದಳು. "ಅಮ್ಮಾವ್ರೇ, ವೋಟು ಕೇಳೋರು ಸುಳ್ಳು ಹೇಳೋದು ಹೊಸದಾ? ನಿಮ್ಮ ಯಜಮಾನ್ರ ಮಾತು ನಾನೆಲ್ಲಿ ನಂಬಿದ್ದೆ? ನೀವು ತಲೆ ಆಡಿಸಿದ್ರಲ್ಲ, ಅದನ್ನ ನಂಬಿದೆ" ಎಂದಳು. ಉಳಿದ ಕರಪತ್ರಗಳನ್ನು ಒಟ್ಟುಮಾಡಿ, "ತಗೊಳ್ಳಿ, ನೀವೇ ಹಂಚಿ" ಎಂದು ನನ್ನ ಕೈಗಿಟ್ಟಳು. ನಾಲ್ಕು ಬೈದಿದ್ದರೆ ಹಗುರವಾಗುತ್ತಿತ್ತು.

ಕೊರತೆ ಇಳಿಯಲೇಬೇಕು, ನನಗೂ ಗೊತ್ತು. ಸಬ್ಸಿಡಿ ತೆಗೆಯದೆ ಆಗುವುದೇ ಇಲ್ಲವೆಂದರೆ ತೆಗೆಯಿರಿ. ಯಾಮ್ನಾಳಂಥವರಿಗೆ ಅದರ ಬದಲು ಏನು ಕೊಡುತ್ತೀರೆಂದು ಹೇಳಿ ತೆಗೆಯಿರಿ, ವೋಟು ಬೀಳುವ ಮೊದಲು ಹೇಳಿ. ಶುಕ್ರವಾರ ನಮಾಜಿನ ನಂತರ ಇಲ್ಲಿ ಮತ್ತೆ ಸಭೆಯಂತೆ. ಆ ಪುಟವನ್ನು ನೀನೇ ಎಲ್ಲರೆದುರು ಓದು. ನೀನು ಓದದಿದ್ದರೆ ನಾನು ಎದ್ದು ಓದುತ್ತೇನೆ.

ಇಂತಿ,
ಬತೂಲ್

ಕೊನೆಗೊಂದು ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಪುಟವನ್ನು ಸಭೆಗೆ ಎರಡು ದಿನ ಮೊದಲೇ ಓದಿದ್ದೆ, ಕೆಂಪು ಗೆರೆಯನ್ನೂ ಎಳೆದಿದ್ದೆ. ಮೂರು ವರ್ಷವಾದ ಮೇಲೆ ಅಷ್ಟು ಜನರೆದುರು "ನನ್ನ ಹೆಂಡತಿ" ಎಂದೆಯಲ್ಲ, ತಲೆ ತಾನಾಗಿ ಆಡಿಬಿಟ್ಟಿತು. ಯಾಮ್ನಾಳಿಗೆ ಇದನ್ನಿನ್ನೂ ಹೇಳಿಲ್ಲ. ಶುಕ್ರವಾರ ಹೇಳುತ್ತೇನೆ.